ಅಲಾಸ್ಕಾ ಹಡಗು ಪ್ರವಾಸ: ದಪ್ಪ ಕೋಟಿಗಿಂತ ಪದರ ಉಡುಪು ಲೇಸು

ಅಲಾಸ್ಕಾ ಕರಾವಳಿಯಲ್ಲಿ ಪ್ರವಾಸಿ ಹಡಗುಗಳು ಮುಖ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸಂಚರಿಸುತ್ತವೆ. ಆಗ ಅಲ್ಲಿನ ಬಂದರುಗಳಲ್ಲಿ ಕಾಡುವುದು ಹಿಮವಲ್ಲ, ಮಳೆ ಮತ್ತು ಗಾಳಿ. ಜೂನೋದಲ್ಲಿ ಜುಲೈ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಸುಮಾರು 18 ಡಿಗ್ರಿ ಸೆಲ್ಸಿಯಸ್. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ.

ಹಡಗು ಗಂಟೆಗೆ 37 ಕಿ.ಮೀ. ವೇಗದಲ್ಲಿ ಸಾಗುವಾಗ ಎದುರುಗಾಳಿಯಿಂದಾಗಿ 10 ಡಿಗ್ರಿಯ ಹವೆಯೂ 6 ಡಿಗ್ರಿಯಂತೆ ಕೊರೆಯುತ್ತದೆ. ಆದ್ದರಿಂದ ಮೂರು ಪದರಗಳ ಉಡುಪು ಸೂಕ್ತ:

* ಒಳಗೆ: ಮೈಗಂಟುವ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಉಡುಪು. ಸೀರೆ ಉಡುವವರೂ ಇದನ್ನು ಒಳಗೆ ಧರಿಸಬಹುದು.
* ನಡುವೆ: ಸ್ವೆಟರ್. ಪದರಗಳ ನಡುವೆ ನಿಲ್ಲುವ ಗಾಳಿಯೇ ದೇಹದ ಶಾಖವನ್ನು ಕಾಯುತ್ತದೆ.
* ಹೊರಗೆ: ನೀರು, ಗಾಳಿ ತಡೆಯುವ, ತಲೆಗವಸುಳ್ಳ ಜರ್ಕಿನ್. ಗಾಳಿಗೆ ಕೊಡೆ ನಿಲ್ಲದು.

ಹತ್ತಿಯ ಬನಿಯನ್, ಜೀನ್ಸ್ ಬೇಡ. ಒದ್ದೆಯಾದ ಹತ್ತಿ ಬೇಗ ಒಣಗದೆ ಮೈಯ ಶಾಖವನ್ನು ಸೆಳೆಯುತ್ತದೆ. ವೃದ್ಧರು ಮತ್ತು ಮಕ್ಕಳಿಗೆ ಇದು ಅಪಾಯಕಾರಿ. ಉಣ್ಣೆಯ ಟೋಪಿ, ಕೈಗವಸು, ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಗೂ ನೀರು ಇಳಿಯದ ಬೂಟು ಅವಶ್ಯ.

ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆ ಕೋಣೆಗೆ ತಲುಪಲು ಹಲವು ಗಂಟೆ ಹಿಡಿಯಬಹುದು. ಪಾಸ್‌ಪೋರ್ಟ್, ನಿತ್ಯದ ಔಷಧ, ಸ್ವೆಟರ್ ಹಾಗೂ ಜರ್ಕಿನ್ ಕೈಚೀಲದಲ್ಲೇ ಇರಲಿ.