ಕಡೂರು, ತರೀಕೆರೆ, ಅಜ್ಜಂಪುರದ ಶಾಸನಗಳಿಗೊಂದು ಜಾಲತಾಣ: ಹೋಸ್ಟಿಂಗ್ ಆಯ್ಕೆಯ ಕುರಿತು ಟಿಪ್ಪಣಿ

ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯ ಶಾಸನಗಳದ್ದು. ಅಮೃತಾಪುರದ ಅಮೃತೇಶ್ವರ ಗುಡಿಯ ದೊಡ್ಡ ಶಾಸನಕ್ಕೆ ಅಲ್ಲಿ ಬಿದ್ದ ಗುರುತು ‘ತರೀಕೆರೆ 45’. ಗುಡಿ 1196ರದು, ಇಮ್ಮಡಿ ವೀರಬಲ್ಲಾಳನ ಕಾಲದ್ದು. ಶಾಸನದ ಪದ್ಯಗಳು ಕವಿ ಜನ್ನನವು. ಸಂಪುಟ ಅಚ್ಚಾದ ಮೇಲೆ ಎಷ್ಟೋ ಬದಲಾಯಿತು. 1947ರಲ್ಲಿ ಕಡೂರು ಜಿಲ್ಲೆ ಎಂಬ ಹೆಸರು ಹೋಗಿ ಚಿಕ್ಕಮಗಳೂರು ಜಿಲ್ಲೆ ಎಂದಾಯಿತು. ಈಚಿನ ವರ್ಷಗಳಲ್ಲಿ ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳು ಹೊಸ ಸಂಖ್ಯೆಗಳನ್ನು ಕೊಟ್ಟವು. ಹೀಗಿದ್ದೂ ಇವತ್ತು ಯಾರಾದರೂ ಲೇಖನದಲ್ಲಿ ‘ತರೀಕೆರೆ 45’ ಎಂದು ಬರೆದರೆ, ಓದುವವರು ನೇರವಾಗಿ ಅದೇ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ.

ಈ ಮೂರು ತಾಲ್ಲೂಕುಗಳ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಪಾಠವನ್ನೂ ಚಿತ್ರಗಳನ್ನೂ ಒಂದು ಜಾಲತಾಣದಲ್ಲಿ ಸೇರಿಸಬೇಕೆಂಬ ಆಸೆ ಸ್ಥಳೀಯ ಇತಿಹಾಸದಲ್ಲಿ ತೊಡಗಿರುವ ಯಾರಿಗಾದರೂ ಬರುವಂಥದ್ದೇ. ರೈಸ್ ತೀರಿಕೊಂಡದ್ದು 1927ರಲ್ಲಿ; ಅವರ ಸಂಪುಟದ ಮೇಲೆ ಈಗ ಯಾರ ಹಕ್ಕೂ ಇಲ್ಲ, ಮರುಪ್ರಕಟಣೆಗೆ ಅಡ್ಡಿಯಿಲ್ಲ. ವರ್ಡ್‌ಪ್ರೆಸ್, ದ್ರುಪಲ್, ಒಮೇಕಾ, ಮೀಡಿಯಾವಿಕಿ ಇವೆಲ್ಲ ಪುಕ್ಕಟೆ ಸಿಗುವ ತಂತ್ರಾಂಶಗಳು. ಅವನ್ನು ಯಾರ ಸರ್ವರ್‌ನಲ್ಲಿ ಇಡಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಹೆಚ್ಚಿನವರು ಜಾಹೀರಾತಿನ ಬೆಲೆ ನೋಡಿ ತೀರ್ಮಾನಿಸಿಬಿಡುತ್ತಾರೆ. ನನ್ನ ವಾದ ಇಷ್ಟು: ಇಂಥ ಜಾಲತಾಣಕ್ಕೆ ಹೋಸ್ಟಿಂಗ್ ಆರಿಸುವಾಗ ಬೆಲೆ, ವೇಗ ಎರಡೂ ಹಿಂದೆ ಸರಿಯಬೇಕು. ನಾಳೆ ಆ ಕಂಪನಿಯನ್ನು ಬಿಟ್ಟು ಬೇರೆಡೆಗೆ ಹೊರಡುವಾಗ ಒಂದು ವಿಳಾಸವೂ ಕೆಡದಂತೆ, ಒಂದು ಅಕ್ಷರವೂ ಉದುರದಂತೆ ಹೊರಡಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ರೈಸ್ ಕೊಟ್ಟ ಸಂಖ್ಯೆಯಷ್ಟು ಬಾಳಿಕೆ ಜಾಲದ ವಿಳಾಸಕ್ಕೂ ಬರಬೇಕಾದರೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಸರ್ಕಾರಿ ಕಚೇರಿಗಳಿಗೆ ಈ ಚಿಂತೆ ಕಡಿಮೆ. ಚಿಕ್ಕಮಗಳೂರು ಜಿಲ್ಲಾಡಳಿತದ ತಾಣ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸರ್ಕಾರಿ ಸಂಸ್ಥೆಗಳಿಗಾಗಿ ರೂಪಿಸಿರುವ ‘ಎಸ್3ವಾಸ್’ ಎಂಬ ಸಿದ್ಧ ವ್ಯವಸ್ಥೆಯ ಮೇಲೆ ನಿಂತಿದೆ. ಸರ್ವರ್, ಭದ್ರತೆ, ಸುಗಮ್ಯತೆಯ ನಿಯಮಗಳನ್ನೆಲ್ಲ ಕೇಂದ್ರವೇ ನೋಡಿಕೊಳ್ಳುತ್ತದೆ; ಕಚೇರಿಯವರು ವಿಷಯ ತುಂಬಿದರೆ ಸಾಕು. ಖಾಸಗಿ ಸಂಶೋಧಕರಿಗೆ, ಊರಿನ ಇತಿಹಾಸ ಬಳಗಕ್ಕೆ, ದೇವಸ್ಥಾನದ ಟ್ರಸ್ಟಿಗೆ ಈ ಬಾಗಿಲು ತೆರೆದಿಲ್ಲ. ಅವರು ಮಾರುಕಟ್ಟೆಗೇ ಹೋಗಬೇಕು.

ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದು ಶೇರ್ಡ್ ಹೋಸ್ಟಿಂಗ್. ಇದು ವಠಾರದ ಮನೆಯಿದ್ದಂತೆ: ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳು, ಎಲ್ಲಕ್ಕೂ ಸೇರಿ ಒಂದೇ ತೊಟ್ಟಿ. ಪಕ್ಕದವರು ನಲ್ಲಿ ಪೂರ್ತಿ ತಿರುಗಿಸಿದರೆ ನಮ್ಮಲ್ಲಿ ನೀರು ಸಣ್ಣದಾಗುತ್ತದೆ. ದಿನಕ್ಕೆ ನೂರು, ಇನ್ನೂರು ಜನ ಬರುವ ಶಾಸನ ತಾಣಕ್ಕೆ ಇದರಿಂದ ತೊಂದರೆಯೇನಿಲ್ಲ. ‘ಅನ್‌ಲಿಮಿಟೆಡ್’ ಎಂದು ದಪ್ಪಕ್ಷರದಲ್ಲಿ ಬರೆದ ಯೋಜನೆಯ ಷರತ್ತುಗಳನ್ನು ಮಾತ್ರ ಕೊನೆಯವರೆಗೂ ಓದಬೇಕು. ಜಾಗಕ್ಕೆ ಮಿತಿ ಇಲ್ಲವೆಂದವರು ಕಡತಗಳ ಸಂಖ್ಯೆಗೆ ಮಿತಿ ಹಾಕಿರುತ್ತಾರೆ. ಶಾಸನದ ಕೆಲಸದಲ್ಲಿ ಮೊದಲು ಮುಟ್ಟುವ ಗೋಡೆ ಅದೇ.

ಲೆಕ್ಕ ಹೀಗೆ. 24 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ ತೆಗೆದ ಒಂದು ವೀರಗಲ್ಲಿನ ಚಿತ್ರವನ್ನು ವರ್ಡ್‌ಪ್ರೆಸ್‌ಗೆ ಏರಿಸಿದರೆ ಅದು 150, 300, 768, 1024, 1536, 2048 ಪಿಕ್ಸೆಲ್‌ಗಳ ಆರು ಪ್ರತಿ ಮಾಡಿಕೊಳ್ಳುತ್ತದೆ. 2019ರ ಕೊನೆಗೆ ಬಂದ 5.3ನೇ ಆವೃತ್ತಿಯಿಂದ 2560 ಪಿಕ್ಸೆಲ್‌ಗೆ ಇಳಿಸಿದ ಇನ್ನೊಂದೂ ಸೇರುತ್ತದೆ. ಮೂಲ ಚಿತ್ರವೂ ಸೇರಿ ಎಂಟು ಕಡತ. ಮುನ್ನೂರು ಕಲ್ಲಿಗೆ ತಲಾ ಮೂರು ಚಿತ್ರವೆಂದರೆ 7,200 ಕಡತ; ಥೀಮ್ ತನ್ನದೇ ಅಳತೆಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಓದುಗರ ಪರದೆಗೆ ಹೋಗುವುದು ಸಾಮಾನ್ಯವಾಗಿ ಇಳಿಸಿದ ಪ್ರತಿ. ಸವೆದ ಕಲ್ಲಿನ ಮೇಲೆ ಅನುಸ್ವಾರವೋ ಬರಿಯ ಗುಳಿಯೋ ಎಂದು ನೋಡಬೇಕಾದವರಿಗೆ ಅದು ಸಾಲದು. ಹಾಗಾಗಿ ಮೂಲ ಚಿತ್ರಕ್ಕೆ ಪ್ರತ್ಯೇಕ ಕೊಂಡಿ ಕೊಡಬೇಕು, ಇಲ್ಲವೇ ಮೂಲಗಳನ್ನು ವಿಕಿಮೀಡಿಯ ಕಾಮನ್ಸ್‌ನಂಥ ಸಾರ್ವಜನಿಕ ಭಂಡಾರದಲ್ಲಿಟ್ಟು ತಾಣದಲ್ಲಿ ಸಣ್ಣ ಪ್ರತಿ ಮಾತ್ರ ಉಳಿಸಿಕೊಳ್ಳಬೇಕು. ನನಗೆ ಎರಡನೆಯದೇ ಒಪ್ಪಿಗೆ. ಹೋಸ್ಟಿಂಗ್ ಹೊರೆ ಇಳಿಯುತ್ತದೆ, ಚಿತ್ರಗಳು ನಮ್ಮ ತಾಣವನ್ನು ಮೀರಿ ಬಾಳುತ್ತವೆ.

ಕನ್ನಡದ ತಾಣಕ್ಕೆ ಪ್ರತ್ಯೇಕವಾಗಿ ಪರೀಕ್ಷಿಸಬೇಕಾದ ಕೆಲವು ಸಂಗತಿಗಳಿವೆ. ಹೋಸ್ಟಿಂಗ್ ಕುರಿತ ಸಾಮಾನ್ಯ ಮಾರ್ಗದರ್ಶಿಗಳು ಇವನ್ನು ಎತ್ತುವುದಿಲ್ಲ.

ಮೊದಲನೆಯದು ವಿಳಾಸದ ಉದ್ದ. ಯೂನಿಕೋಡ್‌ನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಕ’ ಎಂದರೆ 224, 178, 149. ಜಾಲವಿಳಾಸದೊಳಗೆ ಬಂದಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ, ಅಂದರೆ ಕನ್ನಡದ ಒಂದು ಚಿಹ್ನೆಗೆ ಒಂಬತ್ತು. ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ ಇಟ್ಟಿರುವ ಜಾಗ 200 ಅಕ್ಷರ. ಸ್ವರಚಿಹ್ನೆ, ವಿರಾಮ, ಅನುಸ್ವಾರಗಳನ್ನೂ ಬಿಡಿಯಾಗಿ ಎಣಿಸಿದರೆ ಕಡೂರು 5, ತರೀಕೆರೆ 7, ಅಜ್ಜಂಪುರ 8. ಒಟ್ಟು 20 ಚಿಹ್ನೆ. ಅದಕ್ಕೇ 180 ಅಕ್ಷರ, ನಡುವಿನ ಎರಡು ಗೆರೆ ಸೇರಿ 182. ‘ಕಡೂರು ತರೀಕೆರೆ ಅಜ್ಜಂಪುರ ಶಾಸನಗಳು’ ಎಂದು ಪುಟಕ್ಕೆ ಹೆಸರಿಟ್ಟರೆ ವಿಳಾಸ ‘ಶ’ ಎಂಬಲ್ಲಿಗೆ ತುಂಡಾಗುತ್ತದೆ. ‘ಕಡೂರು ತರೀಕೆರೆ ಅಜ್ಜಂಪುರ ಶಿಲ್ಪಗಳು’ ಎಂಬ ಇನ್ನೊಂದು ಪುಟದ್ದೂ ಅಲ್ಲಿಗೇ ತುಂಡಾಗಿ, ಎರಡನ್ನೂ ಬೇರ್ಪಡಿಸಲು ತಂತ್ರಾಂಶ ಒಂದು ಅಂಕಿ ಅಂಟಿಸಬೇಕಾಗುತ್ತದೆ. ಉಲ್ಲೇಖಕ್ಕೆ ಇಂಥ ವಿಳಾಸ ಏನೇನೂ ಸಾಲದು. ರೈಸ್ ಬಳಸಿದ ಎರಡಕ್ಷರದ ಸಂಕೇತವನ್ನೂ ಸಂಖ್ಯೆಯನ್ನೂ ವಿಳಾಸವಾಗಿಟ್ಟು ಕನ್ನಡವನ್ನು ಪುಟದ ಶೀರ್ಷಿಕೆಯಲ್ಲಿ ತುಂಬಿಕೊಳ್ಳುವುದು ವಾಸಿ. ಈಗಿನ ತಾಲ್ಲೂಕಿನ ಹೆಸರನ್ನಂತೂ ವಿಳಾಸದೊಳಗೆ ಹಾಕಲೇಬಾರದು. ಹಾಕಿದ್ದರೆ, ಅಜ್ಜಂಪುರ ತಾಲ್ಲೂಕಾದ ದಿನ ತರೀಕೆರೆ ಎಂದಿದ್ದ ಎಷ್ಟೋ ಪುಟಗಳ ವಿಳಾಸ ಸುಳ್ಳಾಗುತ್ತಿತ್ತು.

ಎರಡನೆಯದು ಡೇಟಾಬೇಸ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಅಕ್ಷರ ಸಂಕೇತದ ಹೊಂದಾಣಿಕೆ ತಪ್ಪಿದರೆ ಇಡೀ ಶಾಸನಪಾಠ ಲ್ಯಾಟಿನ್ ಲಿಪಿಯ ಒತ್ತುಚಿಹ್ನೆಗಳ ಸಾಲಾಗಿಬಿಡುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಈಗ ಆರಿಸಬೇಕಾದದ್ದು ನಾಲ್ಕು ಬೈಟಿನ ಯುಟಿಎಫ್-8. ವರ್ಡ್‌ಪ್ರೆಸ್ 2015ರಲ್ಲೇ ಅದಕ್ಕೆ ದಾಟಿತು. ಹಣ ಕಟ್ಟುವ ಮುಂಚೆ, ಪರೀಕ್ಷಾರ್ಥದ ಅವಧಿಯಲ್ಲೇ, ಹಳಗನ್ನಡದ ಱ, ೞ ಅಕ್ಷರಗಳಿರುವ ಒಂದು ಪಾಠ ತುಂಬಿಸಿ, ಬ್ಯಾಕಪ್ ಇಳಿಸಿಕೊಂಡು, ಬೇರೊಂದು ಕಂಪ್ಯೂಟರಿನಲ್ಲಿ ಮರುಸ್ಥಾಪಿಸಿ ನೋಡಬೇಕು. ಅಕ್ಷರ ಹಾಗೆಯೇ ಬಂದರೆ ಮುಂದಿನ ಮಾತು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕಡತಗಳಿದ್ದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಸಾಲು ಸಾಲಾಗಿ ತಿದ್ದಿದ ಮೇಲೆಯೇ ಏರಿಸಬೇಕು.

ಮೂರನೆಯದು ಸರ್ವರ್‌ನಲ್ಲೇ ತಯಾರಾಗುವ ಚಿತ್ರ ಮತ್ತು ಪಿಡಿಎಫ್. ಶೀರ್ಷಿಕೆಯನ್ನು ಚಿತ್ರದ ಮೇಲೆ ಬರೆಯುವ ಪ್ಲಗಿನ್‌ಗಳಲ್ಲಿ ಹಲವು ಪಿಎಚ್‌ಪಿಯ ಜಿಡಿ ಸೌಲಭ್ಯವನ್ನು ನೆಚ್ಚಿವೆ. ಸಾಮಾನ್ಯವಾಗಿ ಅದಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಅಜ್ಜಂಪುರದ ‘ಜ್ಜ’ ಬಿಡಿಬಿಡಿಯಾಗಿ ಬೀಳುತ್ತದೆ. ಇಮೇಜ್‌ಮ್ಯಾಜಿಕ್ ಮತ್ತು ಅದರ ಜೊತೆಗಿರಬೇಕಾದ ಅಕ್ಷರ ಜೋಡಣೆಯ ಸೌಲಭ್ಯ ಇದೆಯೇ, ಇಲ್ಲದಿದ್ದರೆ ಹಾಕಿಕೊಡುತ್ತಾರೆಯೇ ಎಂದು ಕೇಳಬೇಕು. ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ, ಉತ್ತರಿಸಿದವರಿಗೆ ಪ್ರಶ್ನೆ ಅರ್ಥವಾಯಿತೇ ಎಂಬುದರಿಂದ ಆ ಕಂಪನಿಯ ಗ್ರಾಹಕ ಸೇವೆಯ ಅಂದಾಜೂ ಸಿಗುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೆಂಗಳೂರಿನಿಂದ ಕಡೂರಿಗೆ ಇನ್ನೂರು ಕಿಲೋಮೀಟರಿನ ಆಸುಪಾಸು. ಗಾಜಿನ ತಂತಿಯಲ್ಲಿ ಬೆಳಕು ಸಾವಿರ ಕಿಲೋಮೀಟರಿಗೆ ಐದು ಮಿಲಿಸೆಕೆಂಡ್ ತೆಗೆದುಕೊಳ್ಳುವುದರಿಂದ ಆ ದೂರ ಲೆಕ್ಕಕ್ಕೇ ಬರುವುದಿಲ್ಲ. ಸರ್ವರ್ ಅಮೆರಿಕದಲ್ಲಿದ್ದರೆ ಒಂದು ಸಂದೇಶ ಹೋಗಿ ಬರುವುದಕ್ಕೆ 200 ಮಿಲಿಸೆಕೆಂಡ್ ಮೀರುತ್ತದೆ, ಒಂದು ಪುಟ ತೆರೆಯಲು ಇಂಥ ಹಲವು ಓಡಾಟ ಬೇಕು. 2016ರಲ್ಲಿ ಅಮೆಜಾನ್ ಮುಂಬಯಿಯಲ್ಲಿ, ಡಿಜಿಟಲ್‌ಓಷನ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಮೇಲೆ ದೇಶದೊಳಗಿನ ಸರ್ವರ್ ಸಿಗುವುದು ಕಷ್ಟವಲ್ಲ. ಆದರೆ ಕೆಮ್ಮಣ್ಣುಗುಂಡಿಯ ತಪ್ಪಲಲ್ಲಿ ಮೊಬೈಲ್ ಸಿಗ್ನಲ್ ಒಂದೆರಡು ಗೆರೆಗೆ ಇಳಿಯುವ ಕಡೆ ಸರ್ವರ್ ಎಲ್ಲಿದೆ ಎಂಬುದಕ್ಕಿಂತ ಪುಟದ ತೂಕ ಎಷ್ಟು ಎಂಬುದೇ ದೊಡ್ಡದು. ಕ್ಯಾಶ್ (ಮೊದಲೇ ಸಿದ್ಧಪಡಿಸಿಟ್ಟ ಪ್ರತಿ) ಹಾಕಿದ, ಚಿತ್ರ ಹಗುರವಾಗಿರುವ ಪುಟ ಎಲ್ಲಿಂದ ಬಂದರೂ ತೆರೆಯುತ್ತದೆ. ಜಾತ್ರೆಯ ವಾರದಲ್ಲಿ ಆ ದೇವರ ಪುಟವೊಂದಕ್ಕೇ ಜನ ಮುಗಿಬಿದ್ದರೂ ಈ ಕ್ಯಾಶ್ ಇದ್ದರೆ ಸಣ್ಣ ಯೋಜನೆಯೇ ತಡೆದುಕೊಳ್ಳುತ್ತದೆ.

ತಂತ್ರಾಂಶಕ್ಕೆ ತಕ್ಕಂತೆ ಸರ್ವರ್ ಬೇಕು ಎಂಬುದನ್ನು ಮರೆಯುವಂತಿಲ್ಲ. ವರ್ಡ್‌ಪ್ರೆಸ್ ಎಲ್ಲಿಟ್ಟರೂ ಬಾಳುತ್ತದೆ. ವಸ್ತುಸಂಗ್ರಹಕ್ಕೆಂದೇ ಮಾಡಿದ ಒಮೇಕಾಕ್ಕೆ ಇಮೇಜ್‌ಮ್ಯಾಜಿಕ್ ಇರಬೇಕು. ಶಾಸನದ ಕೆಲಸಕ್ಕೆ ಅದೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಲ, ಅರಸು, ದೊರೆತ ಸ್ಥಳ, ಲಿಪಿ ಎಂದು ವಿವರಗಳನ್ನು ಬೇರೆ ಬೇರೆ ಅಂಕಣದಲ್ಲಿ ತುಂಬಲು ಅದರಲ್ಲಿ ಮೊದಲಿನಿಂದಲೇ ಅನುಕೂಲವಿದೆ. ದ್ರುಪಲ್ ನೋಡಿಕೊಳ್ಳಲು ಕಮಾಂಡ್ ಸಾಲಿನ ಪ್ರವೇಶ ಸಿಗುವ ಯೋಜನೆಯೇ ಬೇಕು. ಅದರ 7ನೇ ಆವೃತ್ತಿಗೆ 2025ರ ಜನವರಿ 5ರಿಂದ ಬೆಂಬಲ ನಿಂತುಹೋಗಿದೆ, ಹಳೆಯ ತಾಣವಿದ್ದವರಿಗೆ ಬರಿಯ ಹೋಸ್ಟಿಂಗ್ ಬದಲಾವಣೆ ಸಾಕಾಗುವುದಿಲ್ಲ. ಪಿಎಚ್‌ಪಿಯ ಆವೃತ್ತಿಯನ್ನು ನಾವೇ ಬದಲಿಸಿಕೊಳ್ಳಲು ಬಿಡದ ಕಂಪನಿಯನ್ನು ಅಲ್ಲಿಗೇ ಕೈಬಿಡಬಹುದು.

ಈಗ ಮುಖ್ಯವಾದ ಹೆಸರಿನ ವಿಚಾರ. ಚಿಕ್ಕ ಊರುಗಳಲ್ಲಿ ವೆಬ್‌ಸೈಟ್ ಮಾಡಿಕೊಟ್ಟವರೇ ಡೊಮೇನನ್ನೂ ತಮ್ಮ ಮೇಲ್ ವಿಳಾಸದಲ್ಲಿ, ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸುವುದು ವಾಡಿಕೆ. ದುರುದ್ದೇಶವೇನೂ ಇರುವುದಿಲ್ಲ, ಕೆಲಸ ಬೇಗ ಮುಗಿಯಲಿ ಎಂದು ಹಾಗೆ ಮಾಡಿರುತ್ತಾರೆ. ಐದು ವರ್ಷದ ನಂತರ ಅವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಖ್ಯೆ ಬದಲಾಯಿಸಿರುತ್ತಾರೆ, ನವೀಕರಣದ ನೆನಪೋಲೆ ಯಾರೂ ನೋಡದ ಪೆಟ್ಟಿಗೆಗೆ ಬೀಳುತ್ತದೆ. ಡೊಮೇನನ್ನು ಸಂಸ್ಥೆಯ ಹೆಸರಿನಲ್ಲೇ, ಇಬ್ಬರು ನೋಡುವ ಮೇಲ್ ವಿಳಾಸದಲ್ಲೇ ತೆಗೆದುಕೊಳ್ಳಬೇಕು. ಸಾಧ್ಯವಾದರೆ ಹೋಸ್ಟಿಂಗ್ ಕೊಡುವವರನ್ನು ಬಿಟ್ಟು ಬೇರೆ ನೋಂದಣಿದಾರರಲ್ಲಿ. ಡಾಟ್ ಇನ್ ಹೆಸರನ್ನು ಒಂದೇ ಸಲಕ್ಕೆ ಹತ್ತು ವರ್ಷದವರೆಗೆ ನೋಂದಾಯಿಸಬಹುದು. ಕನ್ನಡ ಲಿಪಿಯ ‘.ಭಾರತ’ ವಿಳಾಸವೂ ಈಗ ಸಿಗುತ್ತದೆ, ಅದನ್ನು ತೆಗೆದುಕೊಂಡು ಮುಖ್ಯ ವಿಳಾಸದತ್ತ ತಿರುಗಿಸಿಡುವುದು ಚೆನ್ನ. ಉಲ್ಲೇಖಕ್ಕೆ ಅದನ್ನೇ ನೆಚ್ಚುವ ಹಾಗಿಲ್ಲ. ಎಷ್ಟೋ ತಂತ್ರಾಂಶಗಳು ಇನ್ನೂ ಅದನ್ನು ವಿಳಾಸವೆಂದೇ ಗುರುತಿಸುವುದಿಲ್ಲ.

ಬೆಲೆಪಟ್ಟಿಯಲ್ಲಿ ನೋಡಬೇಕಾದ್ದು ಎರಡನೆಯ ವರ್ಷದ ದರ. ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲೆ ನವೀಕರಣದ ಮೊತ್ತ ಎರಡು, ಮೂರು ಪಟ್ಟಾಗುವುದುಂಟು. ಅದರ ಮೇಲೆ ಶೇ. 18 ಜಿಎಸ್‌ಟಿ. ಚಂದಾ ಎತ್ತಿ ನಡೆಸುವ ಬಳಗಗಳು ಮುಗ್ಗರಿಸುವುದು ಈ ಹಂತದಲ್ಲಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಸುರಕ್ಷತಾ ಪ್ರಮಾಣಪತ್ರ ಉಚಿತವಾಗಿ ಸಿಗುವಾಗ ಅದಕ್ಕೆ ಬೇರೆ ಹಣ ಕೇಳುವ ಯೋಜನೆ ಬೇಡ.

ಬ್ಯಾಕಪ್ ವಿಷಯದಲ್ಲಿ ಕಂಪನಿಯ ಭರವಸೆಯನ್ನಷ್ಟೇ ನಂಬಿ ಕೂರಬಾರದು ಎಂಬುದಕ್ಕೆ ಎರಡು ಸಾಕ್ಷಿ ಸಾಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಸರ್ವರ್ ಕಟ್ಟಡವೊಂದು ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಕಟ್ಟಡದಲ್ಲಿಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಅಧಿಕಾರಿಗಳು ಕಡತ ಇಡುತ್ತಿದ್ದ 858 ಟೆರಾಬೈಟ್ ಸಂಗ್ರಹ ಬೇರೆಡೆ ಪ್ರತಿಯಿಲ್ಲದೆ ನಾಶವಾಯಿತು. ಒಂದು ದೇಶದ ಸರ್ಕಾರಕ್ಕೇ ಹೀಗಾಗಬಹುದಾದರೆ ನಮ್ಮ ಶಾಸನಪಾಠಗಳ ಬಗ್ಗೆ ನಾವು ಎಷ್ಟು ಎಚ್ಚರವಾಗಿದ್ದರೂ ಕಡಿಮೆಯೇ. ಒಂದು ಪ್ರತಿ ಸರ್ವರ್‌ನಲ್ಲಿ, ಇನ್ನೊಂದು ಬೇರೆ ಕಂಪನಿಯ ಸಂಗ್ರಹದಲ್ಲಿ, ಮತ್ತೊಂದು ಊರಿನಲ್ಲೇ ಹಾರ್ಡ್ ಡಿಸ್ಕಿನಲ್ಲಿ ಇರಬೇಕು. ಡಿಸ್ಕನ್ನು ಬೀರುವಿನಲ್ಲಿಟ್ಟು ಮರೆಯದೆ ವರ್ಷಕ್ಕೊಮ್ಮೆಯಾದರೂ ಅದರಿಂದ ಇಡೀ ತಾಣವನ್ನು ಮರುಸ್ಥಾಪಿಸಿ ನೋಡಬೇಕು.

ಇವೆಲ್ಲದರ ಜೊತೆ ತಾಣದ ಪ್ರತಿ ಪುಟವನ್ನೂ ಡೇಟಾಬೇಸ್ ಬೇಡದ ಸಾದಾ ಎಚ್‌ಟಿಎಂಎಲ್ ಕಡತವಾಗಿ ಆರು ತಿಂಗಳಿಗೊಮ್ಮೆ ಇಳಿಸಿಡಬೇಕೆಂದು ನಾನು ಸೂಚಿಸುತ್ತೇನೆ. ವರ್ಡ್‌ಪ್ರೆಸ್‌ಗೆ ಇದನ್ನು ಮಾಡಿಕೊಡುವ ಪ್ಲಗಿನ್‌ಗಳಿವೆ. ಬಳಗ ಚದುರಿ, ನವೀಕರಿಸುವವರು ಯಾರೂ ಇಲ್ಲದ ದಿನ ಬಂದರೂ ಆ ಕಡತಗಳನ್ನು ಯಾವ ಅಗ್ಗದ ಸರ್ವರ್‌ನಲ್ಲಿ ಬೇಕಾದರೂ ಹಾಗೆಯೇ ಇಡಬಹುದು. ಇಂಟರ್ನೆಟ್ ಆರ್ಕೈವ್‌ಗೆ ಒಂದು ಪ್ರತಿ, ಜಿಲ್ಲಾ ಕೇಂದ್ರ ಗ್ರಂಥಾಲಯ ಒಪ್ಪಿದರೆ ಅಲ್ಲಿಗೊಂದು ಪ್ರತಿ ಕೊಡಬಹುದು. ಪುಟದ ವಿಳಾಸಗಳು ರೈಸ್ ಅವರ ಸಂಖ್ಯೆಗಳನ್ನೇ ಅನುಸರಿಸಿದ್ದರೆ, ‘ತರೀಕೆರೆ 45’ ಹುಡುಕಿ ಬಂದವರಿಗೆ ಆ ಕಡತಗಳ ರಾಶಿಯಲ್ಲೂ ಅಮೃತಾಪುರದ ಶಾಸನ ಸಿಗುತ್ತದೆ.