ಮೇಲುಕೋಟೆಯ ವೈರಮುಡಿ: ಒಂದು ಶಬ್ದವಿಚಾರ

ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ರಾಜಮುಡಿಯು ರಾಜ ಒಡೆಯರ (1578–1617) ಕಾಣಿಕೆ. ಕೃಷ್ಣರಾಜಮುಡಿಯು ಮುಮ್ಮಡಿ ಕೃಷ್ಣರಾಜ ಒಡೆಯರದು (1799–1868). ವಜ್ರಖಚಿತವಾದ ವೈರಮುಡಿಯೊಂದೇ ದಾನಿಯ ಹೆಸರನ್ನು ಹೇಳದು. ವಿರೋಚನನು ಅಪಹರಿಸಿದ ಈ ಕಿರೀಟವನ್ನು ಗರುಡನು ಮರಳಿ ತರುವಾಗ ಅದರ ನೀಲಮಣಿಯು ಕುಂಭಕೋಣದ ಸಮೀಪದ ನಾಚ್ಚಿಯಾರ್‌ಕೋವಿಲಿನ ಬಳಿ ಬಿದ್ದು ಮಣಿಮುತ್ತಾರು ಹೊಳೆಯಾಯಿತೆಂದು ಐತಿಹ್ಯ. ಇದನ್ನು ಚರಿತ್ರೆಯೆಂದು ಯಾರೂ ಎಣಿಸಬೇಕಾಗಿಲ್ಲ. ಆದರೆ ಕಥೆಯು ತಮಿಳು ಸೀಮೆಯನ್ನು ಹಾದುಬರುವುದು ವಿಚಾರಾರ್ಹ. ಶಬ್ದವೂ ಅತ್ತಲೇ ಬೊಟ್ಟುಮಾಡುತ್ತದೆ. ‘ಮುಡಿ’ಯು ಉಭಯಭಾಷೆಗಳಿಗೂ ಸಾಧಾರಣ. ವಜ್ರಕ್ಕೆ ಕನ್ನಡದ ತದ್ಭವವಾದರೋ ‘ಬಜ್ಜರ’. ‘ವೈರ’ವೆಂದರೆ ನಮ್ಮವರಿಗೆ ಹಗೆತನ! ತಮಿಳಿನಲ್ಲಿಯೇ ವಜ್ರವು ‘ವೈರಂ’. ಆದುದರಿಂದ ಈ ಹೆಸರು ಶ್ರೀವೈಷ್ಣವರ ತಮಿಳು ಬಳಕೆಯಿಂದ ಬಂದುದೆಂದು ತೋರುತ್ತದೆ. ಹೆಸರಿನ ಮೂಲವೇ ರತ್ನಗಳ ಮೂಲವೆಂದು ಮಾತ್ರ ಸಾಧಿಸಲಾಗದು. ಮಂಡ್ಯದ ಖಜಾನೆಯಿಂದ ಕಾವಲಿನಲ್ಲಿ ಬರುವ ಈ ಕಿರೀಟವನ್ನು ಹಗಲು ಬೆಳಕಿಗೆ ತೋರಿಸದೆ ಉತ್ಸವರಾತ್ರಿಯಲ್ಲಿಯೇ ಧರಿಸುವುದು ಸಂಪ್ರದಾಯವಾಗಿರಲು, ರತ್ನಪರೀಕ್ಷಕನಿಗೆ ಅವಕಾಶವೆಲ್ಲಿ?