ಕಾನ್‌ಸ್ಟನ್ಸ್‌ಗೆ ಸಲ್ಲದ ಪುಟಗಳು

ಇಟಲಿಯ ಜಿನೋವಾ ನಗರದ ಸ್ಟಾಲ್ಯೇನೊ ಸ್ಮಶಾನದಲ್ಲಿ ಕಾನ್‌ಸ್ಟನ್ಸ್ ಲಾಯ್ಡ್ ಸಮಾಧಿಯಿದೆ. ಆಕೆ ಸಾಹಿತಿ ಆಸ್ಕರ್ ವೈಲ್ಡನ ಪತ್ನಿ ಎಂಬ ಮಾತು ಆ ಕಲ್ಲಿನ ಮೇಲೆ ಸೇರಿದ್ದು 1963ರಲ್ಲಿ.

1884ರಲ್ಲಿ ಲಂಡನ್ನಿನಲ್ಲಿ ನಡೆದ ಅವರ ಮದುವೆ ಬರೀ ತೋರಿಕೆಯದೆಂದು ಹೇಳಿಬಿಡುವುದು ಸುಲಭ, ಆದರೆ ತಪ್ಪು. ಅದು ಒಲಿದು ಆದ ಮದುವೆ. ಇಬ್ಬರು ಗಂಡುಮಕ್ಕಳು ಹುಟ್ಟಿದರು. ಹೆಂಗಸರ ಮೈಯನ್ನು ಬಿಗಿಯುವ ಉಡುಪುಗಳ ವಿರುದ್ಧ ಹೋರಾಡುತ್ತಿದ್ದ ಸಂಘದ ಪತ್ರಿಕೆಗೆ ಕಾನ್‌ಸ್ಟನ್ಸ್ ಸಂಪಾದಕಿಯಾಗಿದ್ದಳು, ಮಕ್ಕಳಿಗಾಗಿ ಕಥೆಗಳನ್ನೂ ಬರೆದಳು.

ಮುಂದೆ ವೈಲ್ಡನ ಒಲವು ಗಂಡಸರತ್ತಲೂ ಹರಿಯಿತು. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ: 1885ರ ಕಾನೂನು ಗಂಡಸರ ನಡುವಿನ ಸಂಬಂಧಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತಿತ್ತು. ಗಂಡನನ್ನು ಬೆದರಿಸಿದ ಆ ಕಾನೂನೇ ಹೆಂಡತಿಯನ್ನು ಕತ್ತಲಲ್ಲಿಟ್ಟಿತು.

1895ರಲ್ಲಿ ಅದೇ ಕಾನೂನಿನಡಿ ವೈಲ್ಡನಿಗೆ ಸೆರೆವಾಸದ ಶಿಕ್ಷೆಯಾಯಿತು. ಅದಕ್ಕೆ ಮುಂಚೆಯೇ ಸಾಲ ಕೊಟ್ಟವರಿಗಾಗಿ ಮನೆಯ ಸಾಮಾನು ಹರಾಜಾಗಿತ್ತು, ಮಕ್ಕಳ ಆಟಿಕೆಗಳೂ ಸೇರಿ. ಸ್ವಿಟ್ಜರ್ಲೆಂಡಿನ ಹೋಟೆಲೊಂದು ವೈಲ್ಡ್ ಎಂಬ ಹೆಸರು ಕಂಡು ತಾಯಿ ಮಕ್ಕಳನ್ನು ಹೊರಗೆ ಕಳಿಸಿತು. ಆಮೇಲೆ ಅವರು ಹಾಲೆಂಡ್ ಎಂಬ ಹೆಸರಿಟ್ಟುಕೊಂಡರು.

ಆದರೂ 1896ರಲ್ಲಿ, ಕಾಯಿಲೆಯ ನಡುವೆಯೇ, ಕಾನ್‌ಸ್ಟನ್ಸ್ ಜಿನೋವಾದಿಂದ ವೈಲ್ಡ್ ಇದ್ದ ಇಂಗ್ಲೆಂಡಿನ ರೆಡಿಂಗ್ ಜೈಲಿಗೆ ಬಂದಳು. ಅತ್ತೆ ತೀರಿಕೊಂಡ ಸುದ್ದಿಯನ್ನು ಗಂಡ ಪರರ ಬಾಯಿಂದ ಕೇಳಬಾರದೆಂದು.

ಹಾಗೆಂದು ಅವಳನ್ನು ಕ್ಷಮೆಯ ಮೂರ್ತಿಯಾಗಿಸುವುದೂ ಅನ್ಯಾಯ. ಅವನಿಗೆ ವರ್ಷಕ್ಕೆ 150 ಪೌಂಡ್ ಕೊಡಲು ಒಪ್ಪಿದ್ದಳು. ಬಿಡುಗಡೆಯಾದವನು ಮತ್ತೆ ತನ್ನ ಪ್ರಿಯಕರ ಆಲ್ಫ್ರೆಡ್ ಡಗ್ಲಾಸನ ಜೊತೆ ಇರತೊಡಗಿದಾಗ ಹಣ ನಿಲ್ಲಿಸಿದಳು. 1898ರ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ವೈಲ್ಡ್ ಮಕ್ಕಳನ್ನು ಮತ್ತೆಂದೂ ನೋಡಲಿಲ್ಲ.